ಶಸ್ತ್ರವೈದ್ಯರೂ ಪಾಠ ಒಪ್ಪಿಸುತ್ತಾರೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಜಿಲ್ಲೆಯ ತುಂಬ ತೊಗರಿ ಹೊಲಗಳು. ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆ ಮೊಳೆಯಂತೆ ಚೂಪಾಗಿರುತ್ತದೆ.

ಈ ಕಡೆಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತೈದು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಹೊಲದಲ್ಲಿ ಅಂಗಾಲಿಗೆ ಕೂಳೆ ಚುಚ್ಚಿತು. ಆತನಿಗೆ ಗೊತ್ತೇ ಆಗಲಿಲ್ಲ. ಸಂಜೆ ಚಪ್ಪಲಿಯಲ್ಲಿ ರಕ್ತ ಕಂಡ ಮನೆಯವರು ಅರಿಷಿಣ ಹಚ್ಚಿದರು. ಮೂರು ವಾರ ಕಳೆದು, ಬೆರಳು ಕಪ್ಪಾಗಿ ವಾಸನೆ ಬರತೊಡಗಿದಾಗ ನಗರದ ಆಸ್ಪತ್ರೆಗೆ ಕರೆತಂದರು. ಇಷ್ಟು ದಿನ ಏಕೆ ಬರಲಿಲ್ಲ ಎಂದು ವೈದ್ಯರು ಕೇಳಿದರೆ ಆತನ ಉತ್ತರ ಒಂದೇ: “ನೋವೇ ಇರ್ಲಿಲ್ರೀ ಸಾಹೇಬ್ರ, ಅದಕ್ಕ ಸುಮ್ನಿದ್ದೆ.” ಎರಡು ಬೆರಳು ತೆಗೆಯಬೇಕಾಯಿತು.

ಈ ರೈತ ಕಲ್ಪನೆಯವನು. ಆದರೆ ಇಂಥ ಕಾಲುಗಳು ಶಸ್ತ್ರಚಿಕಿತ್ಸೆಯ ವಾರ್ಡುಗಳಿಗೆ ಹೊಸತಲ್ಲ. ಗಾಯ ಮಾಗಿ ರೋಗಿ ಊರಿಗೆ ಮರಳಿದರೆ ಹೊರಗಿನವರ ಪಾಲಿಗೆ ಕಥೆ ಮುಗಿಯಿತು. ವೈದ್ಯಕೀಯ ಕಾಲೇಜಿನಲ್ಲಿ ಮಾತ್ರ ಇನ್ನೊಂದು ಅಧ್ಯಾಯ ಬಾಕಿ ಇರುತ್ತದೆ. ಅದು ನಡೆಯುವುದು ಆಪರೇಷನ್ ಥಿಯೇಟರಿನಲ್ಲಿ ಅಲ್ಲ. ಕುರ್ಚಿಗಳನ್ನು ಸಾಲಾಗಿಟ್ಟ ಒಂದು ಸಾಮಾನ್ಯ ಕೋಣೆಯಲ್ಲಿ.

ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. 2000ದಲ್ಲಿ ಖಾಜಾ ಬಂದಾನವಾಜ್ ವೈದ್ಯಕೀಯ ಸಂಸ್ಥೆ ಬಂತು. ಅದು ಈಗ ಅದೇ ಹೆಸರಿನ ವಿಶ್ವವಿದ್ಯಾಲಯದ ಅಂಗ. ಆಮೇಲೆ ಸರಕಾರದ ಗುಲಬರ್ಗಾ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಇ.ಎಸ್.ಐ. ನಿಗಮದ ಕಾಲೇಜು ಸೇರಿಕೊಂಡವು. ಎಂ.ಬಿ.ಬಿ.ಎಸ್. ಮುಗಿಸಿದವರು ಶಸ್ತ್ರವೈದ್ಯರಾಗಲು ಮತ್ತೆ ಮೂರು ವರ್ಷ ಎಂ.ಎಸ್. ಓದಬೇಕು. ಈ ಮೂರು ವರ್ಷ ಬರೀ ಕತ್ತರಿ, ಚಾಕು ಹಿಡಿಯುವುದರಲ್ಲೇ ಕಳೆಯುತ್ತದೆ ಎಂದು ಅನೇಕ ಪಾಲಕರು ತಿಳಿದಿದ್ದಾರೆ. ಹಾಗಲ್ಲ. ಇಂಥ ಕಾಲೇಜುಗಳಿಗೆ ಅನ್ವಯಿಸುವ ಪಠ್ಯಕ್ರಮದಲ್ಲಿ ವಿಚಾರಗೋಷ್ಠಿ, ಜರ್ನಲ್ ಕ್ಲಬ್, ಸಾವು ಮತ್ತು ತೊಡಕುಗಳ ಪರಿಶೀಲನಾ ಸಭೆ, ಇವೆಲ್ಲವೂ ಸೇರಿವೆ. ಜತೆಗೆ ಒಂದು ಸಂಶೋಧನಾ ಪ್ರಬಂಧವನ್ನೂ ಬರೆಯಬೇಕು. ಅಂದರೆ ಮೂವತ್ತರ ಸಮೀಪದ ಡಾಕ್ಟರೂ ಶಾಲೆಯ ಹುಡುಗನಂತೆ ಎದ್ದು ನಿಂತು ಪಾಠ ಒಪ್ಪಿಸಲೇಬೇಕು.

ಪರಿಶೀಲನಾ ಸಭೆಯಲ್ಲಿ ಆ ರೈತನ ಕಾಲು ಚರ್ಚೆಗೆ ಬಂತು ಎನ್ನೋಣ. ಕಿರಿಯ ವೈದ್ಯ ಎದ್ದು ವಿವರ ಹೇಳುತ್ತಾನೆ. ರೋಗಿಯ ಹೆಸರು ಹೇಳುವಂತಿಲ್ಲ. ಪ್ರಾಧ್ಯಾಪಕರು ಕೇಳತೊಡಗುತ್ತಾರೆ. ಕೂಳೆ ಚುಚ್ಚಿದ್ದು ಎಂದು? ಮೊದಲು ತೋರಿಸಿದ ಕಡೆ ಯಾರಾದರೂ ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡಿದ್ದರೇ? ವಾರ್ಡಿಗೆ ಬಂದ ಎಷ್ಟು ಗಂಟೆಗೆ ಕೀವು ತೆಗೆದಿರಿ? ಪಾದದ ನಾಡಿ ಸಿಗುತ್ತಿತ್ತೇ? ಕಿರಿಯನ ಗಂಟಲು ಒಣಗುತ್ತದೆ. “ನಾಡಿ ನೋಡಿದ್ದನ್ನು ಬರೆದಿಲ್ಲ ಸರ್” ಎಂದು ಎಲ್ಲರೆದುರು ಒಪ್ಪಿಕೊಳ್ಳುವುದು ಸುಲಭದ ಮಾತಲ್ಲ. ಆದರೆ ಸಭೆ ಸರಿಯಾಗಿ ನಡೆದರೆ ಅಲ್ಲಿ ಕೇಳುವ ಪ್ರಶ್ನೆ “ತಪ್ಪು ಯಾರದು?” ಎಂಬುದಲ್ಲ, “ಯಾವ ಹಂತದಲ್ಲಿ ತಪ್ಪಿತು, ಮುಂದಿನ ರೋಗಿಗೆ ಅದು ಆಗದಂತೆ ಏನು ಮಾಡಬೇಕು?” ಎಂಬುದು.

ಈ ಪ್ರಶ್ನೆ ಕೇಳಿದ್ದಕ್ಕೆ ಒಬ್ಬ ವೈದ್ಯ ದೊಡ್ಡ ಬೆಲೆ ತೆತ್ತಿದ್ದುಂಟು. ಅಮೆರಿಕದ ಬಾಸ್ಟನ್ ನಗರದ ಅರ್ನೆಸ್ಟ್ ಕಾಡ್‌ಮನ್ ಪ್ರತಿ ರೋಗಿಗೂ ಒಂದು ಕಾರ್ಡು ಇಟ್ಟು, ಚಿಕಿತ್ಸೆಯಾಗಿ ವರ್ಷ ಕಳೆದ ಮೇಲೂ ಆತ ಹೇಗಿದ್ದಾನೆಂದು ವಿಚಾರಿಸಿ ಬರೆದಿಡುತ್ತಿದ್ದ. ಎಲ್ಲ ಶಸ್ತ್ರವೈದ್ಯರ ಫಲಿತಾಂಶವನ್ನೂ ಹೀಗೆ ಅಳೆಯಬೇಕೆಂದು ಹಟ ಹಿಡಿದ. ಆತ ಕೆಲಸ ಮಾಡುತ್ತಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಒಪ್ಪಲಿಲ್ಲ. 1914ರಲ್ಲಿ ರಾಜೀನಾಮೆ ಕೊಟ್ಟ. ಮರುವರ್ಷ ವೈದ್ಯರ ಸಭೆಯೊಂದರಲ್ಲಿ, ಸತ್ಯಕ್ಕಿಂತ ಸಂಪಾದನೆ ನೋಡುವವರನ್ನು ಅಣಕಿಸುವ ವ್ಯಂಗ್ಯಚಿತ್ರ ಪ್ರದರ್ಶಿಸಿ ಎಲ್ಲರ ಕೋಪಕ್ಕೆ ಗುರಿಯಾದ. ಆದರೆ ಊರಿಗೆ ಹೇಳಿದ್ದನ್ನು ತಾನೂ ಮಾಡಿದ. ತನ್ನ ಸಣ್ಣ ಆಸ್ಪತ್ರೆಯಿಂದ 1911ರಿಂದ 1916ರವರೆಗೆ ಮನೆಗೆ ಹೋದ 337 ರೋಗಿಗಳ ಚಿಕಿತ್ಸೆಯಲ್ಲಿ ಆದ 123 ತಪ್ಪುಗಳನ್ನು ಲೆಕ್ಕವಿಟ್ಟು ಅಚ್ಚು ಹಾಕಿಸಿದ. ಅಂದು ನಗೆಪಾಟಲಾದ ಪದ್ಧತಿ ಇಂದು ಪಠ್ಯಕ್ರಮದ ಭಾಗ.

ಇನ್ನೊಂದು ಸಭೆ ಜರ್ನಲ್ ಕ್ಲಬ್. 1875ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ ಎಂಬ ಯುವ ಪ್ರಾಧ್ಯಾಪಕ, ದುಬಾರಿ ವೈದ್ಯಪತ್ರಿಕೆಗಳನ್ನು ಒಬ್ಬನೇ ತರಿಸಲಾಗದೆ ಹಲವರು ಕೂಡಿ ಕೊಂಡು ಓದುವ ಏರ್ಪಾಡು ಮಾಡಿದ. ಚಹಾದಂಗಡಿಯಲ್ಲಿ ಒಂದೇ ದಿನಪತ್ರಿಕೆಯನ್ನು ಹತ್ತು ಜನ ಓದಿದ ಹಾಗೆ! ಆದರೆ ಇಲ್ಲಿ ಓದಿದ್ದನ್ನು ನಂಬುವುದಕ್ಕಿಂತ ಪರೀಕ್ಷಿಸುವುದು ಮುಖ್ಯ.

ಒಂದು ಉದಾಹರಣೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಯಾರು, ಯಾವ ಅಂಗ, ಕೊನೆಯಲ್ಲಿ ಹತ್ತಿಬಟ್ಟೆಗಳ ಲೆಕ್ಕ ಸರಿಯಿದೆಯೇ ಎಂದು ಗಟ್ಟಿಯಾಗಿ ಓದಿ ಖಚಿತಪಡಿಸುವ 19 ಅಂಶಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದಿತು. ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪಟ್ಟಿ ಬಳಸಿದ ಮೇಲೆ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಎಷ್ಟು ಚಂದದ ಸುದ್ದಿ! ಆದರೆ ಜರ್ನಲ್ ಕ್ಲಬ್ಬಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಇದು ಮೊದಲು ಮತ್ತು ಆಮೇಲಿನ ಹೋಲಿಕೆ, ಯಾರೋ ಗಮನಿಸುತ್ತಿದ್ದಾರೆ ಎಂಬ ಕಾರಣಕ್ಕೇ ಎಲ್ಲರೂ ಜಾಗರೂಕರಾಗಿರಬಹುದಲ್ಲ? ಇನ್‌ಸ್ಪೆಕ್ಟರು ಬರುವ ದಿನ ಶಾಲೆ ಹೇಗಿರುತ್ತದೆಂದು ಎಲ್ಲ ಮಕ್ಕಳಿಗೂ ಗೊತ್ತು. 2014ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ 101 ಆಸ್ಪತ್ರೆಗಳ, 2 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಲೆಕ್ಕ ಬಂತು. ಅಲ್ಲಿ ಪಟ್ಟಿ ಬಂದರೂ ಸಾವು ಗಣನೀಯವಾಗಿ ಇಳಿದಿರಲಿಲ್ಲ. ಹಾಗಾದರೆ ಪಟ್ಟಿ ಸುಳ್ಳೇ? ಅಥವಾ ಗುರುತು ಹಾಕುವುದು ಒಂದು, ನಿಜವಾಗಿ ನೋಡುವುದು ಇನ್ನೊಂದು ಆಗಿತ್ತೇ? ಅರ್ಧ ಗಂಟೆ ಹೀಗೆ ವಾದಿಸಿ ಹೊರಬಂದ ಕಿರಿಯ ವೈದ್ಯ ಮರುದಿನ ಪಟ್ಟಿಯನ್ನು ಬೇರೆ ಕಣ್ಣಿನಿಂದ ಓದುತ್ತಾನೆ.

ಮೂರನೆಯದು ಸಂಶೋಧನಾ ಪ್ರಬಂಧ. ಅದರ ಪ್ರಶ್ನೆ ಆಕಾಶದಿಂದ ಇಳಿಯುವುದಿಲ್ಲ, ವಾರ್ಡಿನಿಂದಲೇ ಏಳುತ್ತದೆ. ಆ ರೈತನಿಗೆ ನೋವೇಕೆ ಆಗಲಿಲ್ಲ? ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ಪಾದದ ನರಗಳು ಸ್ಪರ್ಶ, ನೋವುಗಳನ್ನು ತಿಳಿಸುವ ಶಕ್ತಿ ಕಳೆದುಕೊಳ್ಳುತ್ತವೆ. ರಕ್ತನಾಳಗಳೂ ಕಿರಿದಾಗಿ ಗಾಯ ಮಾಗುವುದು ನಿಧಾನವಾಗುತ್ತದೆ. ನರ ಎಷ್ಟು ಮಂದವಾಗಿದೆ ಎಂದು ತಿಳಿಯುವ ಸಾಧನ ಬಲು ಸರಳ: 10 ಗ್ರಾಂ ತೂಕದಷ್ಟು ಬಲ ಬಿದ್ದೊಡನೆ ಬಾಗುವಂತೆ ಮಾಡಿದ ನೈಲಾನ್ ಎಳೆ. ಎಳೆ ಒಮ್ಮೆ ಬಾಗಿತೆಂದರೆ ಇನ್ನೂ ಒತ್ತಿದರೂ ಪಾದದ ಮೇಲಿನ ಬಲ ಹೆಚ್ಚೇನೂ ಏರದು. ಹೀಗಾಗಿ ಕಮಲಾಪುರದಲ್ಲಿ ನರ್ಸ್ ಒತ್ತಿದರೂ ಕಲಬುರಗಿಯಲ್ಲಿ ಪ್ರಾಧ್ಯಾಪಕರು ಒತ್ತಿದರೂ ಅಳತೆ ಒಂದೇ. ಕಣ್ಣು ಮುಚ್ಚಿಸಿ ಮುಟ್ಟಿದಾಗ ರೋಗಿಗೆ ಅದು ತಿಳಿಯದಿದ್ದರೆ ಆ ಪಾದದ ಕಾವಲುಗಾರ ನಿದ್ದೆ ಹೋದ ಹಾಗೆ.

ಇಂಥ ವಿಷಯ ಆರಿಸಿಕೊಂಡ ವಿದ್ಯಾರ್ಥಿ ಮೊದಲು ಯೋಜನೆ ಬರೆದು ವಿಭಾಗದ ಸಭೆಯಲ್ಲಿ ಮಂಡಿಸಬೇಕು. ಎಷ್ಟು ರೋಗಿಗಳು, ಏನನ್ನು ಅಳೆಯುವುದು ಎಂದು ಮೊದಲೇ ಗೊತ್ತುಮಾಡಬೇಕು. ಬಾಣ ಬಿಟ್ಟ ಮೇಲೆ ಗುರಿಯ ವೃತ್ತ ಬರೆಯುವಂತಿಲ್ಲ. ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ರೋಗಿಗೆ ಆತನ ಭಾಷೆಯಲ್ಲೇ, ಕನ್ನಡವಿರಲಿ ಉರ್ದುವಿರಲಿ, ತಿಳಿಸಿ ಹೇಳಿ ಸಮ್ಮತಿ ಪಡೆಯಬೇಕು. ಆತ “ಒಲ್ಲೆ” ಎಂದರೂ ಚಿಕಿತ್ಸೆಯಲ್ಲಿ ಕೊರತೆಯಾಗಬಾರದು.

ಈ ಕೋಣೆಗಳಲ್ಲಿ ಕಲಿತದ್ದು ಕೋಣೆಯಲ್ಲೇ ಉಳಿದರೆ ಕಮಲಾಪುರದ ರೈತನಿಗೆ ಏನು ಬಂತು? ಈಗಿನ ನಿಯಮದಂತೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕು. ರೋಗಿ ತಡವಾಗಿ ಬರುವುದೇಕೆ ಎಂಬುದು ಅಲ್ಲಿ ಇನ್ನಷ್ಟು ಹತ್ತಿರದಿಂದ ಕಾಣುತ್ತದೆ. ಉಳಿದ ದಾರಿ ಮನೆಯವರದು. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ರಾತ್ರಿ ಮಲಗುವ ಮುನ್ನ ಮಕ್ಕಳೇ ಅವರ ಅಂಗಾಲು, ಬೆರಳ ಸಂದುಗಳನ್ನು ನೋಡಲಿ. ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿರೆಂದು ಹೇಳಲಿ. ಗಾಯ ಕಂಡರೆ, ನೋವಿಲ್ಲದಿದ್ದರೂ, ಅಂದೇ ಆಸ್ಪತ್ರೆಗೆ ತೋರಿಸಲಿ.

ಪಾಲಕರಿಗೂ ಒಂದು ಮಾತು. ಉತ್ತರಪತ್ರಿಕೆ ಮನೆಗೆ ಬಂದ ದಿನ ಅಂಕ ನೋಡಿ ಬೈದರೆ ಮಗು ಮುಂದಿನ ಸಲ ಪತ್ರಿಕೆಯನ್ನೇ ಮುಚ್ಚಿಡುತ್ತದೆ. ಬದಲಾಗಿ ಜತೆಗೆ ಕೂತು, “ಎಷ್ಟನೇ ಸಾಲಿನಲ್ಲಿ ಲೆಕ್ಕ ದಾರಿ ತಪ್ಪಿತು, ನೋಡೋಣ ಬಾ” ಎಂದು ಕೇಳಬಹುದು. ಇಂದು ಹಾಗೆ ತಪ್ಪು ತೋರಿಸಲು ಕಲಿತ ಮಗುವೇ ನಾಳೆ ಆ ಕೋಣೆಯಲ್ಲಿ ಎದ್ದು ನಿಂತು, “ನಾಡಿ ನೋಡಿದ್ದನ್ನು ಬರೆದಿಲ್ಲ ಸರ್” ಎಂದು ಹೇಳಬಲ್ಲದು.