ಮಾರ್ಕೆಟ್ ಕೆಡವೋ ಮೊದಲು ಬಾಗಿಲು ಎಣಿಸಿ

ದೇವರಾಜ ಮಾರುಕಟ್ಟೆ ವಿಷಯ ಬಂದಾಗಲೆಲ್ಲ ನಮ್ಮ ಕ್ಯಾಂಟೀನಿನಲ್ಲಿ ಎರಡು ಪಾರ್ಟಿ ಆಗುತ್ತೆ. "ಕೆಡವಿ ಬಿಸಾಕಿ ಗುರೂ, ನೀಟಾಗಿ ನಾಲ್ಕು ಫ್ಲೋರ್ ಕಟ್ಟಿ, ಕೆಳಗೆ ಪಾರ್ಕಿಂಗ್, ಮೇಲೆ ಫುಡ್ ಕೋರ್ಟ್" ಅನ್ನೋದು ಒಂದು. "ಪಾರಂಪರಿಕ ಕಟ್ಟಡ, ಒಂದು ಇಟ್ಟಿಗೆ ಕೂಡ ಮುಟ್ಟಬಾರದು" ಅನ್ನೋದು ಇನ್ನೊಂದು. ಸಿವಿಲ್‌ನವರು ಸಾಮಾನ್ಯವಾಗಿ ಮೊದಲನೇ ಪಾರ್ಟಿ, ಆರ್ಕಿಟೆಕ್ಚರ್‌ನವರು ಎರಡನೇದು, ಸಿಎಸ್‌ನವರು ಟೀ ಕುಡಿಯುತ್ತ ಎರಡೂ ಕಡೆ ಹೂಂ ಅಂತಾರೆ. ನನಗೆ ಇಬ್ಬರ ಮೇಲೂ ಒಂದೇ ತಕರಾರು. ಇಬ್ಬರೂ ಗೋಡೆ ಬಗ್ಗೆ ಮಾತಾಡ್ತಾರೆ, ಗೋಡೆ ಒಳಗೆ ವೀಳ್ಯದೆಲೆ ಕಟ್ಟು ಇಟ್ಟುಕೊಂಡು ಕೂತಿರೋರ ಬಗ್ಗೆ ಯಾರೂ ಮಾತಾಡಲ್ಲ.

ಮೊದಲು ನಡೆದದ್ದನ್ನು ಹೇಳಿಬಿಡ್ತೀನಿ, ಹೊರಗಿನಿಂದ ಬಂದ ಜೂನಿಯರ್ಸ್‌ಗೆ ಗೊತ್ತಿರಲಿಕ್ಕಿಲ್ಲ. ಕೆ.ಆರ್. ಸರ್ಕಲ್ ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ನಮ್ಮ ಸೀನಿಯರ್‌ಗಳ ಸೀನಿಯರ್‌ಗಳು ಸೆಕೆಂಡ್ ಹ್ಯಾಂಡ್ ಪುಸ್ತಕಕ್ಕೆ ಹೋಗ್ತಿದ್ದದ್ದು ಅಲ್ಲಿನ ಅಂಗಡಿಗಳಿಗೇ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅಂಗಡಿಗಳು ಖಾಲಿಯಾದವು. ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದುರಸ್ತಿ ಕೆಲಸ ನಡೀತಿರುವಾಗಲೇ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು. ಅಲ್ಲಿಂದ ಶುರುವಾಯ್ತು ಜಗಳ. ಸರ್ಕಾರದ ಕಡೆಯ ತಜ್ಞರು ಶಿಥಿಲ, ಕೆಡವಿ ಅದೇ ಶೈಲಿಯಲ್ಲಿ ಹೊಸದು ಕಟ್ಟಿ ಅಂದರು. ಇಂಟ್ಯಾಕ್ ಕಡೆಯವರು ದುರಸ್ತಿ ಸಾಧ್ಯ ಅಂದರು. ವಿಷಯ ಹೈಕೋರ್ಟಿಗೆ ಹೋಯ್ತು. 2023ರ ಆಗಸ್ಟ್‌ನಲ್ಲಿ ಕೋರ್ಟು ಕೆಡವುವುದನ್ನು ಪ್ರಶ್ನಿಸಿದ ಅರ್ಜಿಗಳನ್ನು ವಜಾ ಮಾಡಿತು. (ಮೂರೂ ಆಗಸ್ಟ್‌ನಲ್ಲೇ. ಮೊದಲಿನ ಎರಡಕ್ಕಾದರೂ ಕಾರಣ ಇದೆ, ಮಳೆಗಾಲ.)

ನಾಲ್ಕು ಜೀವ ಹೋದ ಮೇಲೆ "ಏನೂ ಆಗಲ್ಲ ಬಿಡಿ" ಅನ್ನೋ ಹಕ್ಕು ಯಾರಿಗೂ ಇಲ್ಲ. ಆದರೆ "ಶಿಥಿಲ" ಅನ್ನೋ ಪದವನ್ನು ನಾವು ಎಂಜಿನಿಯರುಗಳು ಎಷ್ಟು ಸಲೀಸಾಗಿ ಬರೀತೀವಿ ಅನ್ನೋದನ್ನೂ ನೋಡಬೇಕು. ಈ ಕಟ್ಟಡಗಳು ಇಟ್ಟಿಗೆ, ಸುಣ್ಣದ ಗಾರೆಯವು. ಚಾವಣಿ ಮದ್ರಾಸ್ ಟೆರೇಸ್: ಮರದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಕಾಂಕ್ರೀಟು. ಇಂಥ ಚಾವಣಿ ಹಾಳಾಗೋದು ಹೆಚ್ಚಾಗಿ ನೀರಿನಿಂದ. ಮೇಲೆ ಆಲದ ಗಿಡ ಹುಟ್ಟುತ್ತೆ, ನೀರು ಹೋಗೋ ದೋಣಿ ಕಟ್ಟಿಕೊಳ್ಳುತ್ತೆ, ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆಯುತ್ತೆ. ಹೊರಗೆ ನೋಡಿದರೆ ಏನೂ ಕಾಣಲ್ಲ. ಅದರ ಮೇಲೆ ಯಾರೋ ಪುಣ್ಯಾತ್ಮರು ಸಿಮೆಂಟ್ ಪ್ಲಾಸ್ಟರ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರೋಕೆ ದಾರಿನೇ ಇರಲ್ಲ, ಗೋಡೆ ಒಳಗಿಂದಲೇ ಉದುರುತ್ತೆ. ನಮ್ಮ ಸಿಲಬಸ್‌ನಲ್ಲಿ ಆರ್‌ಸಿಸಿಗೆ ಸೆಮಿಸ್ಟರ್‌ಗಟ್ಟಲೆ ಸಮಯ, ಸುಣ್ಣಕ್ಕೆ ಮೊದಲ ಯೂನಿಟ್ಟಿನಲ್ಲಿ ಎರಡು ಪುಟ. ಲ್ಯಾಬಿನಲ್ಲಿರೋ ರಿಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೇಲ್ಮೈಗೆ ಮಾಡಿದ್ದು. ಸುಣ್ಣದ ಗೋಡೆಯ ಒತ್ತಡ ತಿಳೀಬೇಕಾದರೆ ಫ್ಲಾಟ್ ಜ್ಯಾಕ್ ಥರದ ಪರೀಕ್ಷೆ ಬೇಕು. ಓದದೇ ಇರೋ ಕಟ್ಟಡದ ಮೇಲೆ ಸಹಿ ಹಾಕುವಾಗ "ಕೆಡವಿ" ಅಂತ ಬರೆಯೋದೇ ಸೇಫು. ಬಿದ್ದರೆ ನಮ್ಮ ತಲೆಗೆ ಬರುತ್ತೆ, ಕೆಡವಿದರೆ ಯಾರೂ ಕೇಳಲ್ಲ. ನಾಳೆ ನಮ್ಮಲ್ಲೇ ಕೆಲವರು ಆ ಸಹಿ ಹಾಕೋರು.

ಸರಿ, ಕೆಡವಿದರು ಅಂತಲೇ ಇಟ್ಕೊಳ್ಳಿ. ಆಮೇಲೆ ಏನು? ಕ್ಯಾಂಟೀನಿನ ಮೊದಲನೇ ಪಾರ್ಟಿಯ ಕನಸು ಮಾಲ್. ಅದಕ್ಕೇ ಮಾಲ್ ಹೇಗೆ ಬದುಕುತ್ತೆ, ಹೇಗೆ ಸಾಯುತ್ತೆ ಅಂತ ಸ್ವಲ್ಪ ನೋಡೋಣ.

ಮಾಲಿನಲ್ಲಿ ಒಂದು ದೊಡ್ಡ ಅಂಗಡಿ ಇರುತ್ತೆ, ಸೂಪರ್ ಮಾರ್ಕೆಟ್ಟೋ ಮಲ್ಟಿಪ್ಲೆಕ್ಸೋ. ಅದಕ್ಕೆ ಚದರಡಿ ಬಾಡಿಗೆ ಕಡಿಮೆ, ಯಾಕಂದ್ರೆ ಜನರನ್ನ ಎಳೆದು ತರೋದು ಅದೇ. ಆ ಜನರ ನಂಬಿಕೆ ಮೇಲೆ ಸಣ್ಣ ಅಂಗಡಿಯವರು ಹೆಚ್ಚು ಬಾಡಿಗೆ ಕೊಡ್ತಾರೆ. ಜೊತೆಗೆ ಎಸಿ, ಲಿಫ್ಟು, ಸೆಕ್ಯುರಿಟಿ, ಕ್ಲೀನಿಂಗ್ ಅಂತ ತಿಂಗಳ ನಿರ್ವಹಣೆ ಖರ್ಚು ಬೇರೆ. ದೊಡ್ಡ ಅಂಗಡಿ ಬಿಟ್ಟು ಹೋದ ದಿನ ಲೆಕ್ಕ ಉಲ್ಟಾ. ಜನ ಕಡಿಮೆ, ಎರಡು ಸಣ್ಣ ಅಂಗಡಿ ಮುಚ್ಚುತ್ತೆ, ಉಳಿದವರ ಮೇಲೆ ನಿರ್ವಹಣೆ ಖರ್ಚು ಏರುತ್ತೆ, ಇನ್ನೆರಡು ಮುಚ್ಚುತ್ತೆ. ಎಸ್ಕಲೇಟರ್ ನಿಲ್ಲಿಸ್ತಾರೆ. ಕಟ್ಟುವಾಗಲೇ ಅಂಗಡಿಗಳನ್ನ ಬಿಡಿಬಿಡಿಯಾಗಿ ಮಾರಿಬಿಟ್ಟಿದ್ದರೆ ಇನ್ನೂ ಕಷ್ಟ: ಮಾಲೀಕರು ನೂರು ಜನ, ಯಾರಿಗೆ ಬಾಡಿಗೆಗೆ ಕೊಡಬೇಕು ಅನ್ನೋದರಲ್ಲಿ ಒಮ್ಮತ ಇಲ್ಲ, ರಿಪೇರಿಗೆ ದುಡ್ಡು ಹಾಕೋರಿಲ್ಲ. ನಮ್ಮೂರುಗಳ ಬಸ್ ಸ್ಟ್ಯಾಂಡ್ ಪಕ್ಕದ ಎಷ್ಟೋ ನಗರಸಭೆ ಕಾಂಪ್ಲೆಕ್ಸ್‌ಗಳ ಮೊದಲ ಮಹಡಿ ಕತ್ತಲಾಗಿ, ಮೆಟ್ಟಿಲ ಮೂಲೆ ಎಲೆ ಅಡಿಕೆ ಉಗುಳಿ ಕೆಂಪಾಗಿರೋದನ್ನ ನೋಡಿಲ್ವಾ? ಅದು ಮಾಲಿನ ಬಡ ತಮ್ಮ. ಕಾಯಿಲೆ ಒಂದೇ.

ಈ ಕಾಯಿಲೆ ಮೊದಲು ಬಂದದ್ದು ಮಾಲ್ ಹುಟ್ಟಿದ ಅಮೆರಿಕಕ್ಕೇ. ವಿಯೆನ್ನಾದಿಂದ ಹೋದ ವಿಕ್ಟರ್ ಗ್ರುಯೆನ್ ಅನ್ನೋ ಆರ್ಕಿಟೆಕ್ಟ್ 1956ರಲ್ಲಿ ಮಿನಿಯಾಪೊಲಿಸ್ ಹತ್ತಿರ ಸೌತ್‌ಡೇಲ್ ಅಂತ ಪೂರ್ತಿ ಮುಚ್ಚಿದ, ಎಸಿ ಇರೋ ಮಾಲ್ ಕಟ್ಟಿದ. ಯುರೋಪಿನ ಪೇಟೆಬೀದಿಯ ಓಡಾಟವನ್ನು ಒಂದು ಸೂರಿನಡಿ ತರೋದು ಅವನ ಆಸೆ. ಆಮೇಲೆ ಎಲ್ಲ ಊರಿನ ಹೊರವಲಯಕ್ಕೂ ಮಾಲ್ ಬಂತು, ಊರೊಳಗಿನ ಪೇಟೆ ಸೊರಗಿತು. ಮಿಚಿಗನ್ ರಾಜ್ಯದ ಕಲಮಜೂ ಅನ್ನೋ ಮಧ್ಯಮ ಗಾತ್ರದ ಊರು ಅದೇ ಗ್ರುಯೆನ್‌ನ ಕೈಲಿ ಪ್ಲಾನ್ ಬರೆಸಿ, 1959ರಲ್ಲಿ ತನ್ನ ಪೇಟೆಬೀದಿಗೆ ಕಾರು ಬಂದ್ ಮಾಡಿತು. ಆದರೆ ಜನ ವಾಸ ಇರೋದೂ ಹೊರಗೆ, ಕಾರು ನಿಲ್ಲಿಸೋಕೆ ಜಾಗ ಇರೋದೂ ಹೊರಗೆ. ಕಾರು ನಿಲ್ಲಿಸಿದ ಮಾತ್ರಕ್ಕೆ ಗಿರಾಕಿ ಬರಲಿಲ್ಲ. 1998ರಲ್ಲಿ ಆ ಬೀದಿಯ ಒಂದು ಭಾಗಕ್ಕೆ ಮತ್ತೆ ಕಾರು ಬಿಟ್ಟರು. ಕೊಲೊರಾಡೊದ ಲೇಕ್‌ವುಡ್‌ನಲ್ಲಿ ಇನ್ನೂ ತಮಾಷೆ: 1966ರ ವಿಲ್ಲಾ ಇಟಾಲಿಯಾ ಅನ್ನೋ ಮಾಲ್ 2001ರಲ್ಲಿ ಮುಚ್ಚಿತು. ಅದನ್ನ ಕೆಡವಿ ಆ ಜಾಗದಲ್ಲಿ ಏನು ಕಟ್ಟಿದರು ಗೊತ್ತಾ? ಬೀದಿಗಳು! 22 ಬ್ಲಾಕುಗಳ ಪೇಟೆ, ಕೆಳಗೆ ಅಂಗಡಿ, ಮೇಲೆ ಮನೆ. ಅಂದ್ರೆ ಅವರು ಕೋಟಿಗಟ್ಟಲೆ ಡಾಲರ್ ಸುರಿದು ಕಟ್ಟಿಸಿಕೊಂಡದ್ದು ನಮ್ಮ ಸಯ್ಯಾಜಿರಾವ್ ರಸ್ತೆಯ ಥರದ್ದನ್ನೇ. ನಾವು ನಮ್ಮದನ್ನ ಕೆಡವಿ ಅವರು ಕೆಡವಿದ್ದನ್ನ ಕಟ್ಟೋಕೆ ಹೊರಟಿದೀವಿ.

ಹಾಗಾದರೆ ಪೇಟೆಬೀದಿಯಲ್ಲಿ ಅಂಥದ್ದೇನಿದೆ? ನನ್ನ ಉತ್ತರ: ಬಾಗಿಲು. ಹತ್ತಡಿ ಅಗಲದ ಮಳಿಗೆ ಅಂತ ಲೆಕ್ಕ ಹಾಕಿ. ನೂರು ಮೀಟರ್ ಬೀದಿಗೆ ಒಂದು ಕಡೆ ಮೂವತ್ತೆರಡು ಬಾಗಿಲು, ಎರಡೂ ಕಡೆ ಸೇರಿ ಅರವತ್ತನಾಲ್ಕು. ಅಷ್ಟೇ ಉದ್ದದ ಮಾಲಿಗೆ ಬಾಗಿಲು ಎರಡು, ಹೆಚ್ಚಂದ್ರೆ ಮೂರು. ಅರವತ್ತನಾಲ್ಕರಲ್ಲಿ ಐದು ಅಂಗಡಿ ಮುಚ್ಚಿದರೂ ಬೀದಿ ನಡೆಯುತ್ತೆ, ಆರನೇ ತಿಂಗಳಿಗೆ ಅಲ್ಲಿ ಮೊಬೈಲ್ ಕವರ್ ಮಾರೋನು ಬಂದು ಕೂರ್ತಾನೆ. ಸರ್ಕ್ಯೂಟ್ ಭಾಷೆಯಲ್ಲಿ ಬೀದಿ ಪ್ಯಾರಲಲ್, ಮಾಲ್ ಸೀರೀಸ್. ದೇವರಾಜ ಮಾರುಕಟ್ಟೆ ಒಳಗೂ ಇದೇ ಏರ್ಪಾಡು. ಹೂವಿನವರ ಸಾಲು, ಬಾಳೆಹಣ್ಣಿನವರ ಸಾಲು, ಗುಡ್ಡೆ ಹಾಕಿದ ಕುಂಕುಮ, ಊದುಬತ್ತಿ, ತರಕಾರಿ. ಒಂದೇ ಸಾಮಾನಿನ ಹತ್ತು ಅಂಗಡಿ ಪಕ್ಕಪಕ್ಕದಲ್ಲಿ ಇರೋದರಿಂದಲೇ ಒಂದು ಮಾರು ಮಲ್ಲಿಗೆಗೆ ಚೌಕಾಸಿ ಮಾಡೋಕೆ ಆಗೋದು. ಇದನ್ನ ಎರಡನೇ ಮಹಡಿಗೆ ಏರಿಸಿ ನೋಡಿ, ಮೂಟೆ ಹೊತ್ತವನು ಲಿಫ್ಟಿಗೆ ಕಾಯಬೇಕು, ಅರಳಿದ ಹೂವಿಗೆ ಕಾಯೋ ವ್ಯವಧಾನ ಇಲ್ಲ.

ಪಾರ್ಕಿಂಗ್ ಬೇಕು ಅಂತೀರಾ? ಅದಕ್ಕೂ ಲೆಕ್ಕ ಇದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ನೆಲಮಾಳಿಗೆಯಲ್ಲಿ ಒಂದು ಕಾರಿಗೆ, ಓಡಾಟದ ದಾರಿ ಸೇರಿ, 32 ಚದರ ಮೀಟರ್. ಹತ್ತಕ್ಕೆ ಹತ್ತಡಿ ಮಳಿಗೆ 9.3 ಚದರ ಮೀಟರ್. ಒಂದು ಕಾರು ನಿಲ್ಲೋ ಜಾಗದಲ್ಲಿ ಮೂರು ಸಂಸಾರದ ವ್ಯಾಪಾರ ಆಗುತ್ತೆ. ಆ ಕಾರಿನವರು ಕೊಳ್ಳೋದು ಕಾಲು ಕೆಜಿ ಬೀನ್ಸು. ಮಾರುಕಟ್ಟೆಗೆ ದಿನಾ ಬರೋರಲ್ಲಿ ಹೆಚ್ಚಿನವರು ಸಿಟಿ ಬಸ್ಸಿನಲ್ಲಿ, ನಡ್ಕೊಂಡು, ಇಲ್ಲಾ ಸ್ಕೂಟರಿನಲ್ಲಿ ಬರ್ತಾರೆ ಅನ್ನೋದು ಒಂದು ಗಂಟೆ ಬಾಗಿಲಲ್ಲಿ ನಿಂತವರಿಗೆ ತಿಳಿಯುತ್ತೆ. ಪುರಭವನದ ಆವರಣದಲ್ಲಿ ಶುರುವಾದ ನೆಲದಡಿ ಪಾರ್ಕಿಂಗ್ ಕಾಮಗಾರಿ ಎಷ್ಟು ವರ್ಷ ಎಳೀತು ಅಂತ ಮೈಸೂರಿನವರನ್ನ ಕೇಳಿ, ನಗ್ತಾರೆ.

ನನ್ನ ಪ್ರಕಾರ ಆಗಬೇಕಾದ್ದು ಇಷ್ಟು. ಮಾರುಕಟ್ಟೆಯನ್ನ ತುಂಡು ತುಂಡಾಗಿ ತಗೊಂಡು ದುರಸ್ತಿ ಮಾಡಲಿ. ಉಳಿಸೋಕೆ ಸಾಧ್ಯವೇ ಇಲ್ಲ ಅಂತ ಸರಿಯಾದ ಪರೀಕ್ಷೆಯಿಂದ ಗೊತ್ತಾದ ತುಂಡನ್ನ ಕೆಡವಲಿ, ಆದರೆ ಅದೇ ಎತ್ತರಕ್ಕೆ, ಅಷ್ಟೇ ಬಾಗಿಲುಗಳೊಂದಿಗೆ ಕಟ್ಟಲಿ. ಇಡೀ ಮಾರುಕಟ್ಟೆಯನ್ನ ಒಟ್ಟಿಗೆ ಖಾಲಿ ಮಾಡಿಸೋದು ಮಾತ್ರ ಬೇಡ. ಕಟ್ಟಡ ಕಾಯುತ್ತೆ, ಗಿರಾಕಿ ಕಾಯಲ್ಲ. ಎರಡು ವರ್ಷ ಅಂತ ಹೇಳಿದ ಕಾಮಗಾರಿ ಆರು ವರ್ಷ ಆದಾಗ ಹೂವಿನಮ್ಮನ ಮಾಮೂಲಿ ಗಿರಾಕಿಗಳು ಬೇರೆ ಕಡೆ ಕೊಂಡು ಅಭ್ಯಾಸ ಆಗಿರ್ತಾರೆ. ಹೊಸ ಕಟ್ಟಡಕ್ಕೆ ವಾಪಸ್ ಬರೋ ಹೊತ್ತಿಗೆ ಆಕೆ ವ್ಯಾಪಾರವನ್ನೇ ಬಿಟ್ಟಿರಬಹುದು. ಅದಕ್ಕೇ ಡಿಪಿಆರ್‌ನ ಮೊದಲ ಪುಟದಲ್ಲಿ ಎಲಿವೇಷನ್ ಡ್ರಾಯಿಂಗ್ ಬದಲು ಒಂದು ಪಟ್ಟಿ ಇರಲಿ: ಯಾವ ಮಳಿಗೆ, ಯಾರು ಕೂರ್ತಾರೆ, ಕೆಲಸ ನಡೆಯುವಾಗ ಎಲ್ಲಿಗೆ ಹೋಗ್ತಾರೆ, ಯಾವ ತಾರೀಕಿಗೆ ಎಷ್ಟು ಅಗಲದ ಜಾಗಕ್ಕೆ ಯಾವ ಬಾಡಿಗೆಗೆ ವಾಪಸ್ ಬರ್ತಾರೆ.

ಬಾಡಿಗೆ ಅಂದ ಕೂಡಲೇ ಒಂದು ವಾದ ಬರುತ್ತೆ. ಪಾಲಿಕೆ ಮಳಿಗೆಗಳ ಬಾಡಿಗೆ ಚಿಲ್ಲರೆ ಕಾಸು, ಮೂಲ ಬಾಡಿಗೆದಾರ ಅದನ್ನ ಇನ್ನೊಬ್ಬನಿಗೆ ಹತ್ತು ಪಟ್ಟಿಗೆ ಕೊಟ್ಟು ಮನೇಲಿ ಕೂತಿರ್ತಾನೆ, ಊರಿನ ದುಡ್ಡು ಸೋರಿಹೋಗ್ತಿದೆ ಅಂತ. ಸುಳ್ಳಲ್ಲ. ಎಷ್ಟೋ ಊರಿನ ಪಾಲಿಕೆ ಮಳಿಗೆಗಳ ಬಗ್ಗೆ ಕೇಳಿಬರೋ ದೂರು ಇದು. ಆದರೆ ಅದಕ್ಕೆ ಔಷಧಿ ಕರಾರು ತಿದ್ದೋದು. ನಿಜವಾಗಿ ಕೂತು ಮಾರೋರ ಹೆಸರಿಗೆ ಮಳಿಗೆ ಮಾಡಿ, ಬಾಡಿಗೆ ವರ್ಷ ವರ್ಷ ಸ್ವಲ್ಪ ಏರಿಸಿ. ಬಾಡಿಗೆ ವಸೂಲಿ ಸರಿ ಇಲ್ಲ ಅಂತ ಗೋಡೆ ಕೆಡವೋದು ಯಾವ ಎಂಜಿನಿಯರಿಂಗು?

ಇನ್ನು ಹೊರಗೆ ಫುಟ್‌ಪಾತಿನಲ್ಲಿ ಕೂರೋರು. ಪ್ಲಾನ್ ಡ್ರಾಯಿಂಗಿನಲ್ಲಿ ಇವರು ಇರೋದೇ ಇಲ್ಲ. ಅಲ್ಲಿ ಮರ, ಬೆಂಚು, ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡ ಮನುಷ್ಯಾಕೃತಿಗಳು ಮಾತ್ರ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಶೇಕಡಾ 40ರಷ್ಟು ವ್ಯಾಪಾರಿಗಳೇ ಆಗಿರಬೇಕು. ದೇವರಾಜ ಅರಸು ರಸ್ತೆಗೆ ಹೊಸ ಹಾಸುಗಲ್ಲು ಹಾಕೋ ಮಾತು ಬಂದರೆ ಮೊದಲು ಆ ಸಮಿತಿಯ ಮೀಟಿಂಗ್ ಆಗಲಿ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನ 2018ರಲ್ಲಿ ಕಲ್ಲುಹಾಸಿನಿಂದ ಹೊಸದಾಗಿ ಮಾಡಿದರು, 2020ರ ಕೊನೆಯಲ್ಲಿ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ನಿಲ್ಲಿಸಿಯೂ ನೋಡಿದರು. ನಡೆಯೋಕೆ ಚೆಂದ, ಒಪ್ತೀನಿ. ಆದರೆ ಆ ಬೀದಿಗೆ ಬರೋರು ಕಾಫಿ, ಪುಸ್ತಕ, ಬಿಯರಿಗೆ ಬರ್ತಾರೆ. ನಮ್ಮ ಪೇಟೆಗೆ ಬೆಳಿಗ್ಗೆ ಬಾಳೆಗೊನೆ ಗಾಡಿ ಬರಬೇಕು, ಮಧ್ಯಾಹ್ನ ಸ್ಕೂಲ್ ಯೂನಿಫಾರ್ಮಿಗೆ ಅಪ್ಪ ಅಮ್ಮ ಬರಬೇಕು, ದಸರಾಕ್ಕೆ ಜಂಬೂಸವಾರಿ ಹೋಗಬೇಕು. ಸರಕಿನ ಗಾಡಿಗೆ ಹೊತ್ತು ನಿಗದಿ ಮಾಡದೇ ಬೀದಿ ಬಂದ್ ಮಾಡಿದರೆ ಅಂಗಡಿಯವರೇ ಮೊದಲು ಬ್ಯಾರಿಕೇಡ್ ಎತ್ತಿ ಪಕ್ಕಕ್ಕಿಡ್ತಾರೆ.

ಈಗ ನಮ್ಮ ವಿಷಯ. ಏಳನೇ ಸೆಮ್ ಬಂತಂದ್ರೆ ಪ್ರಾಜೆಕ್ಟ್ ಟಾಪಿಕ್ಕಿಗೆ ಎಲ್ಲರೂ ಅಲೆಯೋಕೆ ಶುರು. ಹೋದ ವರ್ಷದ ರಿಪೋರ್ಟಿನ ಹೆಸರು ಬದಲಿಸಿ ಕೊಡೋ ಬದಲು ಸಿವಿಲ್‌ನ ಒಂದು ಬ್ಯಾಚು ಮಾರುಕಟ್ಟೆಯ ಒಂದೇ ಒಂದು ಸಾಲಿನ ಅಳತೆ ತಗೊಳ್ಳಲಿ: ಮಳಿಗೆ ಅಗಲ, ತೊಲೆಯ ಸ್ಥಿತಿ, ನೀರು ಸೋರೋ ಜಾಗ. ಸಿಎಸ್‌ನವರು ಜೊತೆಗೆ ಬಂದರೆ ಪ್ರತಿ ಬಾಗಿಲಿಗೂ ಒಂದು ದಾಖಲೆ ಮಾಡಬಹುದು, ಗಂಟೆಗೆ ಎಷ್ಟು ಜನ ನಿಲ್ತಾರೆ ಅಂತ. ಪ್ರಶ್ನೆಗಳು ಕನ್ನಡದಲ್ಲಿರಲಿ, ಇಂಗ್ಲಿಷ್ ಫಾರ್ಮ್ ಹಿಡಿದು ಹೋದರೆ ಟ್ಯಾಕ್ಸಿನವರು ಬಂದರು ಅಂದುಕೊಂಡು ಯಾರೂ ಬಾಯಿ ಬಿಡಲ್ಲ. ನಮ್ಮ ಸಂಘದಿಂದ ಪ್ರಶ್ನಾವಳಿ ಬರೆದುಕೊಡೋಕೆ ನಾನು ರೆಡಿ. ಹೋಗೋದಾದರೆ ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಆ ಸಾಲುಗಳಲ್ಲಿ ಟೇಪ್ ಬಿಚ್ಚೋಕೆ ಜಾಗ ಇರಲ್ಲ.