ದರಿಯಾ ದೌಲತ್ ಗೋಡೆಯ ಮೇಲೆ ನಮ್ಮ ಮಾಗಡಿ ಕೆಂಪೇಗೌಡ

ಭಾನುವಾರ ಬಿಡದಿಯಲ್ಲಿ ತಟ್ಟೆ ಇಡ್ಲಿ ಹೊಡೆದು ಮೈಸೂರಿನ ಕಡೆ ಬೈಕ್ ಓಡಿಸುವ ಬೆಂಗಳೂರಿನ ತರುಣರೇ, ನಿಮಗೊಂದು ಪ್ರಶ್ನೆ. ಟಿಪ್ಪುವಿನ ಬೇಸಿಗೆ ಮನೆಯ ಗೋಡೆಯ ಮೇಲೆ ನಮ್ಮ ಮಾಗಡಿ ಕೆಂಪೇಗೌಡ ಇದ್ದಾನೆ. ಎಷ್ಟು ಜನ ನೋಡಿದ್ದೀರಿ?

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಬಿಡದಿಯಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಆದರೆ 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿಯನ್ನೂ ಬಳಸಿಕೊಂಡು ಹೋಗುತ್ತದೆ, ಶ್ರೀರಂಗಪಟ್ಟಣವನ್ನೂ ಬಳಸಿಕೊಂಡು ಹೋಗುತ್ತದೆ. ಇಳಿಯುವವರು ಯಾರು?

1784ರ ಈ ಕಟ್ಟಡಕ್ಕೆ ಅರಮನೆ ಎಂದು ಹೆಸರು. ನೋಡಿದರೆ ತೋಟದ ನಡುವಿನ ಒಂದು ಮರದ ಮನೆ, ಅಷ್ಟೆ. ಕೋಟೆಯ ಹೊರಗೆ, ತೇಗದ ಕಂಬಗಳ ನೆರಳಲ್ಲಿ ದೊರೆ ದಣಿವಾರಿಸಿಕೊಳ್ಳುತ್ತಿದ್ದ ಜಾಗ. ಇವತ್ತು ಟಿಕೆಟ್ ಕೊಂಡ ಯಾರು ಬೇಕಾದರೂ ಒಳಗೆ ಹೋಗಬಹುದು.

ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧ. ಮದ್ದಿನ ಗಾಡಿ ಸಿಡಿಯುತ್ತಿದೆ, ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕಂಗಾಲಾಗಿ ಕೂತಿದ್ದಾನೆ. ಎಲ್ಲರೂ ಫೋಟೋ ತೆಗೆಯುವುದು ಇದರದ್ದೇ. ನೀವು ಪೂರ್ವದ ಗೋಡೆಗೆ ಬನ್ನಿ. ಸಾಲು ಸಾಲಾಗಿ ದರ್ಬಾರುಗಳು. ಅದರಲ್ಲಿ ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ! ಮಾಗಡಿಯನ್ನು ಮೈಸೂರು ಗೆದ್ದುಕೊಂಡದ್ದು 1728ರಲ್ಲಿ. ಕೊನೆಯ ಕೆಂಪೇಗೌಡ ಸತ್ತದ್ದು ಇದೇ ಶ್ರೀರಂಗಪಟ್ಟಣದ ಸೆರೆಯಲ್ಲಿ. ಮದಕರಿಯನ್ನು 1779ರಲ್ಲಿ ಹೈದರಾಲಿ ಹಿಡಿದು ತಂದದ್ದೂ ಇಲ್ಲಿಗೇ. ಸೆರೆಮನೆಯ ಊರಿನ ತೋಟದ ಮನೆಯಲ್ಲಿ ಅವರು ದೊರೆಗಳಾಗಿಯೇ ಕೂತಿದ್ದಾರೆ.

ಮುಮ್ಮಡಿ ಕೃಷ್ಣರಾಜ ಒಡೆಯರೂ ಅಲ್ಲಿದ್ದಾರೆ. ಅವರು ಪಟ್ಟಕ್ಕೆ ಬಂದದ್ದು 1799ರಲ್ಲಿ, ಟಿಪ್ಪು ಸತ್ತ ಮೇಲೆ. ಅಂದರೆ ಆಮೇಲೂ ಇಲ್ಲಿ ಕುಂಚ ಆಡಿದೆ. ಆರ್ಥರ್ ವೆಲ್ಲೆಸ್ಲಿ ಇಲ್ಲೇ ವಾಸವಿದ್ದ. 1850ರ ದಶಕದಲ್ಲಿ ಡಾಲ್‌ಹೌಸಿ ಮಾಸಿದ ಚಿತ್ರಗಳಿಗೆ ಮತ್ತೆ ಬಣ್ಣ ಹಾಕಿಸಿದ. ನಮ್ಮ ಪ್ರೆಸ್ಸಿನ ಮಾತಿನಲ್ಲಿ ಹೇಳಬೇಕೆಂದರೆ ಇದು ಪರಿಷ್ಕೃತ ಮುದ್ರಣ.

ಟಿಪ್ಪು ಎಂದರೆ ನಮ್ಮಲ್ಲಿ ಒಬ್ಬ ಜೈಕಾರ ಕೂಗುತ್ತಾನೆ, ಇನ್ನೊಬ್ಬ ಕಲ್ಲು ಎತ್ತುತ್ತಾನೆ. ಆಡಳಿತದಲ್ಲಿ ಫಾರ್ಸಿ ಮೆರೆಸಿದವನೂ ಅವನೇ, ಶೃಂಗೇರಿ ಮಠಕ್ಕೆ ಕನ್ನಡದಲ್ಲಿ ಕಾಗದ ಬರೆಸಿದವನೂ ಅವನೇ. ಜಗಳ ಆಮೇಲೆ ಆಡೋಣ, ಮೊದಲು ಗೋಡೆ ನೋಡಿ.

ನೋಡಲು ವಿವರ ಬೇಕಲ್ಲ! ಇದು ಕೇಂದ್ರದ ಪುರಾತತ್ವ ಇಲಾಖೆಯ ಸ್ವತ್ತು. ಕೇಂದ್ರದ ನಿಯಮದಲ್ಲೇ ಬೋರ್ಡಿನ ಮೇಲೆ ರಾಜ್ಯಭಾಷೆ ಮೊದಲು, ಹಿಂದಿ ಆಮೇಲೆ. ಬೋರ್ಡು ಮಾತ್ರ ಸಾಲದು. ಯಾವ ಸಾಲಿನಲ್ಲಿ ಯಾರು ಎಂದು ಹೇಳುವ ಹದಿನಾರು ಪುಟದ ಕನ್ನಡ ಪುಸ್ತಿಕೆ ಟಿಕೆಟ್ ಕಿಂಡಿಯಲ್ಲೇ ಸಿಗಬೇಕು. ಹದಿನಾರು ಪುಟ ಅಂದರೆ ಒಂದು ಫಾರಂ, ಒಂದು ದಿನದ ಕೆಲಸ. ಹೋದಾಗ ಕೇಳಿ, ಕನ್ನಡದಲ್ಲೇ ಕೇಳಿ. ಇಲ್ಲ ಎಂದರೆ ದೂರಿನ ಪುಸ್ತಕ ಈಸಿಕೊಂಡು ಕನ್ನಡದಲ್ಲೇ ಬರೆದು, ಕೆಳಗೆ ರುಜು ಹಾಕಿ ಬನ್ನಿ.