ಬಂದರೆ ಚಲೋ, ಬರದಿದ್ದರೆ?

ಕೃಷ್ಣೆ ಮತ್ತು ಮಲಪ್ರಭೆ ಒಂದಾಗುವ ಕೂಡಲಸಂಗಮದಲ್ಲಿ ಬೇಸಿಗೆಯ ಹೊತ್ತು ಇಳಿಯುವುದು ನಿಧಾನ. ಬಸವಣ್ಣನವರ ಐಕ್ಯಮಂಟಪ ನೋಡಿ ಬಂದ ಯಾತ್ರಿಕರು ಬಸ್ಸು ಹತ್ತುವ ವೇಳೆಗೆ ಸುತ್ತಲಿನ ಹಳ್ಳಿಗಳ ಬಯಲಿನಲ್ಲಿ ಹುಡುಗರ ತಾಲೀಮು ಶುರುವಾಗುತ್ತದೆ. ಹೆಚ್ಚಾಗಿ ಕಬಡ್ಡಿ, ವಾಲಿಬಾಲ್; ಅಲ್ಲೊಂದು ಇಲ್ಲೊಂದು ಕಡೆ ಫುಟ್‌ಬಾಲ್.

‘ನಾಳೆ ಸೂಟಿ. ತಾಲೀಮಿಗೆ ಬರಲೇಬೇಕಂತ ಏನಿಲ್ರಪಾ, ಬಂದ್ರ ಚಲೋ’ ಎಂದು ಪಿ.ಟಿ. ಮಾಸ್ತರು ಹೇಳುತ್ತಾರೆ. ಹುನಗುಂದ ಸೀಮೆಯ ಯಾವ ಶಾಲೆಯಲ್ಲಾದರೂ ಕೇಳಬಹುದಾದ ಮಾತಿದು. ‘ಹೂಂನ್ರಿ ಸರ’ ಎನ್ನುವ ಹುಡುಗರಿಗೆ ಅದರ ಒಳ ಅರ್ಥ ಚೆನ್ನಾಗಿ ಗೊತ್ತು. ಬರದವನ ಹೆಸರು ಪಂದ್ಯದ ದಿನ ಪಟ್ಟಿಯಲ್ಲಿ ಇರುವುದಿಲ್ಲ. ಆ ಹುಡುಗ ಸೋಮಾರಿಯೇ ಆಗಿರಬೇಕೆಂದಿಲ್ಲ. ಇಳಕಲ್ಲಿನಲ್ಲಿ ಅಪ್ಪನ ಮಗ್ಗಕ್ಕೆ ಕೈಜೋಡಿಸುತ್ತಿದ್ದಿರಬಹುದು, ಹೊಲದಲ್ಲಿ ಉಳ್ಳಾಗಡ್ಡಿ ಕೀಳುತ್ತಿದ್ದಿರಬಹುದು. ‘ಇಷ್ಟವಿದ್ದರೆ ಬಾ’ ಎಂಬ ಮಾತು ಉಳ್ಳವರ ಮನೆಯ ಹುಡುಗನಿಗೊಂದು ಅರ್ಥ, ದುಡಿಯುವ ಮನೆಯ ಹುಡುಗನಿಗೆ ಇನ್ನೊಂದು ಅರ್ಥ.

ಇದು ಚಿಕ್ಕ ಮಾತೆಂದು ತಳ್ಳಿಹಾಕುವಂತಿಲ್ಲ. ಕೋಟಿಗಟ್ಟಲೆ ಹಣ ಹರಿದಾಡುವ ಅಮೆರಿಕದ ಫುಟ್‌ಬಾಲಿನಲ್ಲಿ ಇದೇ ಮಾತಿಗಾಗಿ ಆಟಗಾರರ ಸಂಘಕ್ಕೂ ಮಾಲೀಕರಿಗೂ ಜಗ್ಗಾಟ ನಡೆದಿದೆ. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಓಡುವುದು, ಓಡುವವನನ್ನು ಕೆಡವುವುದು ಅದರ ಜೀವಾಳ. ಹಿಡಿತದ ಮಟ್ಟಿಗೆ ನಮ್ಮ ಕಬಡ್ಡಿಯ ದೂರದ ನೆಂಟ ಎನ್ನಬಹುದು.

ಅಲ್ಲಿನ ವೃತ್ತಿಪರ ಲೀಗಿನ ಆಟಗಾರರು 1956ರಲ್ಲಿಯೇ ಸಂಘ ಕಟ್ಟಿಕೊಂಡರು. ಈಗ ಸಂಘವೂ ಮಾಲೀಕರೂ ಕೂಡಿ ಬರೆದುಕೊಂಡ ಕರಾರಿನಲ್ಲಿ ತಾಲೀಮಿಗೂ ಅಳತೆಯಿದೆ. ಪಂದ್ಯಗಳಿಲ್ಲದ ಕಾಲದಲ್ಲಿ ಒಂಬತ್ತು ವಾರಗಳ ಐಚ್ಛಿಕ ತಾಲೀಮು. ದಿನಕ್ಕೆ ನಾಲ್ಕು ತಾಸು ಮೀರುವಂತಿಲ್ಲ. ಮೊದಲ ಎರಡು ವಾರ ಬರೀ ಮೈ ಹದಗೊಳಿಸುವ ಕಸರತ್ತು. ತಂಡದ ಪೂರ್ಣ ತಾಲೀಮು ಹತ್ತು ದಿನ ಮಾತ್ರ, ಅದರಲ್ಲೂ ಒಬ್ಬರನ್ನೊಬ್ಬರು ಕೆಡವಿ ಬೀಳಿಸುವಂತಿಲ್ಲ. ಇವುಗಳಿಗೆ ಬರದವನಿಗೆ ದಂಡವಿಲ್ಲ. ಇದರ ಹೊರತಾಗಿ ಕಡ್ಡಾಯ ಶಿಬಿರವೊಂದಿದೆ; ಕಾರಣವಿಲ್ಲದೆ ಅದನ್ನು ತಪ್ಪಿಸಿದವನಿಗೆ ದಂಡ ತಪ್ಪಿದ್ದಲ್ಲ. ಯಾವುದು ಇಷ್ಟಕ್ಕೆ ಬಿಟ್ಟದ್ದು, ಯಾವುದು ಕಡ್ಡಾಯ ಎಂಬುದು ಮೊದಲೇ ಗೊತ್ತಿರುವುದರಿಂದ ಶಿಸ್ತಿಗೂ ಬೆಲೆ, ಸ್ವಾತಂತ್ರ್ಯಕ್ಕೂ ಬೆಲೆ.

ಕರಾರು ಮುರಿದರೆ ಶಿಕ್ಷೆ ತಂಡಕ್ಕೂ ಉಂಟು. ಸಿಯಾಟಲ್ ತಂಡ ಐಚ್ಛಿಕ ತಾಲೀಮಿನಲ್ಲಿ ಆಟಗಾರರನ್ನು ಮಿತಿಮೀರಿ ಡಿಕ್ಕಿಯಾಡಿಸಿತೆಂದು 2016ರಲ್ಲಿ 4 ಲಕ್ಷ ಡಾಲರ್ ದಂಡ ಬಿತ್ತು. ತರಬೇತುದಾರ ಪೀಟ್ ಕ್ಯಾರೊಲ್ ಅವರಿಗೆ ಬೇರೆಯಾಗಿ 2 ಲಕ್ಷ ಡಾಲರ್. ಮರುವರ್ಷ ಹೊಸ ಆಟಗಾರರನ್ನು ಆರಿಸುವಾಗ ಒಂದು ಸರದಿಯನ್ನೂ ಆ ತಂಡ ಕಳೆದುಕೊಂಡಿತು.

ಇಷ್ಟೊಂದು ಅಳತೆ ಏತಕ್ಕೆ? ಕಾರಣ ದೇಹದ ವಿಜ್ಞಾನದಲ್ಲೇ ಇದೆ. ದುಡಿಯುವ ಸ್ನಾಯು ಶಾಖ ಹುಟ್ಟಿಸುತ್ತದೆ. ಬೆವರು ಆರಿದರೆ ತಾನೇ ಮೈ ತಣಿಯುವುದು? ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಆಗ ಶಾಖ ಒಳಗೇ ಕೂಡಿಕೊಳ್ಳುತ್ತದೆ. 2001ರಲ್ಲಿ ಮಿನೆಸೋಟಾ ತಂಡದ ಶಿಬಿರದಲ್ಲಿ ಕೋರಿ ಸ್ಟ್ರಿಂಗರ್ ಎಂಬ ಆಟಗಾರ ಬಿಸಿಲಾಘಾತದಿಂದ ಕುಸಿದರು. ಮೈಶಾಖ 42 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆಗಸ್ಟ್ 1ರಂದು ತೀರಿಕೊಂಡಾಗ ಅವರಿಗೆ 27 ವರ್ಷ. ಹಿಂದಿನ ದಿನ ತಾಲೀಮು ಪೂರೈಸಲಾಗದೆ ಬಳಲಿದ್ದವರು ಮರುದಿನ ಮತ್ತೆ ಮೈದಾನಕ್ಕೆ ಇಳಿದಿದ್ದರು. ‘ಇವತ್ತು ಒಲ್ಲೆ’ ಎನ್ನುವುದು ಗಟ್ಟಿ ಆಳಿಗೂ ಎಷ್ಟು ಕಷ್ಟ! ಮುಂದೆ 2011ರ ಕರಾರು ಮೈಗವಸು ತೊಟ್ಟು ದಿನಕ್ಕೆರಡು ಸಲ ತಾಲೀಮು ಮಾಡಿಸುವುದನ್ನು ನಿಲ್ಲಿಸಿತು.

ಹಾಗೆಂದು ಸಂಘವಿದ್ದರೆ ಎಲ್ಲ ಸುಸೂತ್ರ ಎಂದೂ ಅಲ್ಲ. 2021ರಲ್ಲಿ ಕೊರೊನಾ ಕಾರಣಕ್ಕೆ ಐಚ್ಛಿಕ ತಾಲೀಮಿಗೆ ಹೋಗಬೇಡಿರೆಂದು ಸಂಘವೇ ಸಲಹೆ ಮಾಡಿತು. ಡೆನ್ವರ್ ತಂಡದ ಜುವಾನ್ ಜೇಮ್ಸ್ ಬೇರೆ ಕಡೆ ಕಸರತ್ತು ಮಾಡುವಾಗ ಹಿಮ್ಮಡಿಯ ನರ ಹರಿದುಕೊಂಡರು. ‘ನಮ್ಮ ಅಂಗಳದಲ್ಲಿ ಆದ ಗಾಯವಲ್ಲ’ ಎಂದು ತಂಡ ಅವರನ್ನು ಕೈಬಿಟ್ಟಿತು. ಸುಮಾರು 1 ಕೋಟಿ ಡಾಲರ್ ಸಂಬಳ ಕೈತಪ್ಪುವ ಸ್ಥಿತಿ ಬಂತು. ಬಾರದಿರಲು ಸ್ವಾತಂತ್ರ್ಯವಿತ್ತು, ಬಾರದವನ ಗಾಯಕ್ಕೆ ಆಸರೆ ಇರಲಿಲ್ಲ.

ನಮ್ಮ ದೇಶದ ಫುಟ್‌ಬಾಲ್ ಆಟಗಾರರ ಸಂಘ ಹುಟ್ಟಿದ್ದು ತಡವಾಗಿ, 2006ರಲ್ಲಿ. ಮುಂದೆ ನಿಂತವರು ಬೈಚುಂಗ್ ಭುಟಿಯಾ. 2009ರಲ್ಲಿ ಅವರು ಟಿ.ವಿ.ಯ ನೃತ್ಯ ಸ್ಪರ್ಧೆಯೊಂದಕ್ಕೆ ಹೋದಾಗ ಅವರಿಗೂ ಅವರ ಕ್ಲಬ್ ಮೋಹನ್ ಬಾಗಾನಿಗೂ ಮನಸ್ತಾಪ ಬೆಳೆಯಿತು. ಭುಟಿಯಾ ಸ್ಪರ್ಧೆ ಗೆದ್ದರು, ಅದೇ ವರ್ಷ ಈಸ್ಟ್ ಬೆಂಗಾಲ್ ಸೇರಿದರು. ತಪ್ಪು ಯಾರದೇ ಇರಲಿ, ಹೆಸರಾಂತ ಆಟಗಾರನಿಗೆ ಇನ್ನೊಂದು ಕ್ಲಬ್ಬಿನ ಬಾಗಿಲು ತೆರೆದಿರುತ್ತದೆ. ಹಳ್ಳಿಯ ಹುಡುಗನಿಗೆ ಇರುವುದು ಒಂದೇ ಶಾಲೆ, ಒಂದೇ ತಂಡ, ಒಬ್ಬರೇ ಮಾಸ್ತರು.

ಇಲ್ಲಿ ಸಂಘ ಕಟ್ಟುವ ಮಾತು ಬೇಡ. ಶಾಲಾಭಿವೃದ್ಧಿ ಸಮಿತಿಯಲ್ಲಿ ತಂದೆ-ತಾಯಿಗಳು ಇದ್ದೇ ಇದ್ದಾರೆ. ಅವರೂ ಮಾಸ್ತರೂ ಕೂತು ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಿದರೆ ಸಾಕು: ಕಡ್ಡಾಯ ತಾಲೀಮು ಯಾವ ದಿನ, ಇಷ್ಟದ್ದು ಯಾವ ದಿನ, ಇಷ್ಟದ ದಿನ ಬರದವನ ಹೆಸರು ಆ ಕಾರಣಕ್ಕೇ ಹೊಡೆದುಹಾಕುವಂತಿಲ್ಲ, ಎಂಥ ಬಿಸಿಲಿನಲ್ಲಿ ಆಡಿಸಬಾರದು, ಬಂದವನಿಗೆ ಪೆಟ್ಟಾದರೆ ದವಾಖಾನೆಯ ಖರ್ಚು ಯಾರದು.

ಇದರಿಂದ ಮಾಸ್ತರರ ಗೌರವಕ್ಕೇನೂ ಕುಂದಿಲ್ಲ. ಸೂಟಿಯ ದಿನವೂ ಸಂಬಳದಾಸೆಯಿಲ್ಲದೆ ಸೀಟಿ ಊದಿಕೊಂಡು ನಿಲ್ಲುವವರು ಅವರೇ. ಗಾಯವಾದಾಗ ಎಲ್ಲರ ಬೆರಳೂ ತೋರುವುದು ಅವರ ಕಡೆಗೇ. ಆ ನಾಲ್ಕು ಸಾಲು ಹುಡುಗನನ್ನು ಕಾಯುವಷ್ಟೇ ಅವರನ್ನೂ ಕಾಯುತ್ತದೆ.

ಉಳ್ಳಾಗಡ್ಡಿ ಕಿತ್ತು ಮುಗಿಸಿದ ಹುಡುಗ ಮರುದಿನ ಸಂಜೆ ಬಯಲಿಗೆ ಬಂದು ನಿಂತಾಗ, ‘ನಿನ್ನೆ ಎಲ್ಲಿದ್ದೆಪಾ?’ ಎಂದು ಮಾಸ್ತರು ಕೇಳಲಿ. ‘ಹೊಲದಾಗ ಕೆಲಸ ಇತ್ರೀ ಸರ’ ಎಂದು ಅವನು ಅಂಜದೆ ಹೇಳುವಂತಾಗಲಿ.